ತಪ್ಪಿದ ವ್ಯಾಯಾಮ ತೀರಿಸಬೇಕಾದ ಸಾಲವಲ್ಲ

ಯುಗಾದಿಯಂದೋ ಜನವರಿ ಒಂದರಂದೋ ಆರಂಭಿಸಿದ ಬೆಳಗಿನ ನಡಿಗೆ ಮೂರು ನಾಲ್ಕು ವಾರ ಚೆನ್ನಾಗಿಯೇ ಸಾಗುತ್ತದೆ. ಹೊಸ ಷೂ, ಹೊಸ ಹುರುಪು. ಆಮೇಲೆ ಮನೆಯಲ್ಲೊಂದು ಮದುವೆ ಬರುತ್ತದೆ, ಮಕ್ಕಳ ಪರೀಕ್ಷೆ ಬರುತ್ತದೆ. ಮಲೆನಾಡು, ಕರಾವಳಿಯಲ್ಲಾದರೆ ಜೂನ್‌ನಲ್ಲಿ ಹಿಡಿದ ಮಳೆ ವಾರಗಟ್ಟಲೆ ಬಿಡುವುದಿಲ್ಲ. ಇಲ್ಲವೇ ಜ್ವರ ಬಂದು ಎಂಟು ದಿನ ಮಲಗಿಸುತ್ತದೆ. ನಡಿಗೆ ನಿಲ್ಲುತ್ತದೆ. ನಿಂತದ್ದು ಮತ್ತೆ ಶುರುವಾಗುವುದು ಮುಂದಿನ ಯುಗಾದಿಗೆ, ಅದೂ ಆದರೆ!

ನಿಮ್ಮ ಮನೆಯಲ್ಲಿಯೂ ಹೀಗಾಗಿರಬಹುದು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ವರ್ಷದ 365 ದಿನವೂ ತಪ್ಪದೆ ವ್ಯಾಯಾಮ ಮಾಡುವವರು ಬಹಳ ವಿರಳ. ವ್ಯಾಯಾಮವನ್ನು ಹತ್ತಾರು ವರ್ಷ ಉಳಿಸಿಕೊಂಡು ಬಂದವರೂ ನಡುನಡುವೆ ತಪ್ಪಿದವರೇ. ತಪ್ಪಿದ ಮೇಲೆ ಮರಳಿ ಬರುವ ದಾರಿಯನ್ನು ಅವರು ಕಂಡುಕೊಂಡಿದ್ದಾರೆ, ಅಷ್ಟೆ.

ಬಿಟ್ಟುಹೋದ ನಂತರ ನಾವು ಸಾಮಾನ್ಯವಾಗಿ ಎರಡರಲ್ಲೊಂದು ತಪ್ಪು ಮಾಡುತ್ತೇವೆ. ಕೆಲವರು ‘ಎಲ್ಲಾ ಹಾಳಾಯಿತು, ಇನ್ನೇನು ಪ್ರಯೋಜನ’ ಎಂದು ಕೈಬಿಡುತ್ತಾರೆ. ಇನ್ನು ಕೆಲವರು ಹದಿನೈದು ದಿನದ ಬಾಕಿಯನ್ನೆಲ್ಲ ಒಂದೇ ಭಾನುವಾರ ತೀರಿಸಲು ಹೊರಡುತ್ತಾರೆ. ಮೊದಲನೆಯದು ನಿಧಾನವಾಗಿ ಕೆಡುಕು ಮಾಡುತ್ತದೆ. ಎರಡನೆಯದು ಒಂದೇ ದಿನದಲ್ಲಿ ಅಪಾಯ ತರಬಲ್ಲದು. ತಪ್ಪಿದ ದಿನಗಳು ಸಾಲವಲ್ಲ. ಅವನ್ನು ಬಡ್ಡಿ ಸೇರಿಸಿ ಹಿಂದಿರುಗಿಸಬೇಕಾಗಿಲ್ಲ. ಬಿಟ್ಟಲ್ಲಿಂದ ಸ್ವಲ್ಪ ಹಿಂದೆ ಸರಿದು ಮುಂದುವರಿಸಿದರೆ ಸಾಕು. ಎಷ್ಟು ಹಿಂದೆ ಸರಿಯಬೇಕು, ಯಾರು ಎಚ್ಚರ ವಹಿಸಬೇಕು ಎಂಬುದನ್ನು ಇಲ್ಲಿ ನೋಡೋಣ.

ಬಿಟ್ಟಾಗ ದೇಹದಲ್ಲಿ ಆಗುವುದೇನು?

ಕ್ರಮವಾಗಿ ವ್ಯಾಯಾಮ ಮಾಡುವವರ ರಕ್ತದಲ್ಲಿ ಪ್ಲಾಸ್ಮಾ ಎಂಬ ದ್ರವಾಂಶ ತುಸು ಹೆಚ್ಚಾಗಿರುತ್ತದೆ. ಅವರ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ಹೊರದೂಡುತ್ತದೆ. ವ್ಯಾಯಾಮ ನಿಲ್ಲಿಸಿದಾಗ ಮೊದಲು ಇಳಿಯುವುದು ಈ ದ್ರವಾಂಶವೇ. ಎರಡು ವಾರದೊಳಗೆ ಈ ಇಳಿಕೆ ಅನುಭವಕ್ಕೆ ಬರುತ್ತದೆ. ಆದ್ದರಿಂದಲೇ ಹದಿನೈದು ದಿನ ಬಿಟ್ಟು ನಡೆಯಲು ಹೋದಾಗ ರಸ್ತೆ ಅದೇ, ಏರು ಅದೇ ಆದರೂ ಎದೆಬಡಿತ ಜೋರಾಗುತ್ತದೆ. ‘ಇಷ್ಟು ಬೇಗ ಇಷ್ಟು ಸೋತುಹೋದೆನೇ?’ ಎಂದು ಗಾಬರಿಯಾಗುತ್ತದೆ. ಗಾಬರಿಪಡಬೇಕಾಗಿಲ್ಲ. ಬೇಗ ಇಳಿದ ಈ ಅಂಶ ಬೇಗನೆ ಏರುತ್ತದೆ ಕೂಡ.

1984ರಲ್ಲಿ ಅಮೆರಿಕದ ಎಡ್ವರ್ಡ್ ಕಾಯ್ಲ್ ಮತ್ತು ಸಂಗಡಿಗರು ವರ್ಷಗಟ್ಟಲೆ ಕಠಿಣ ಅಭ್ಯಾಸ ಮಾಡಿದ್ದ ಏಳು ಮಂದಿಯನ್ನು ಪರೀಕ್ಷಿಸಿದರು. ಅವರು ಅಭ್ಯಾಸ ನಿಲ್ಲಿಸಿದಾಗ ದೇಹ ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ಮೂರು ವಾರದಲ್ಲಿ ಶೇಕಡಾ 7ರಷ್ಟು ಇಳಿಯಿತು. ಎಂಟು ವಾರದ ಹೊತ್ತಿಗೆ ಇಳಿಕೆ ಶೇಕಡಾ 16ಕ್ಕೆ ತಲುಪಿತು. ಆಮೇಲೆ ಅಲ್ಲಿಯೇ ನಿಂತಿತು. ಆಗಲೂ ಅವರ ಸಾಮರ್ಥ್ಯ ವ್ಯಾಯಾಮದ ಅಭ್ಯಾಸವೇ ಇಲ್ಲದವರಿಗಿಂತ ಮೇಲೆಯೇ ಇತ್ತು. ಅಂದರೆ ಮೂರು ವಾರ ಬಿಟ್ಟರೆ ಗಳಿಸಿದ್ದೆಲ್ಲ ಸೊನ್ನೆಯಾಗುತ್ತದೆ ಎಂಬ ಭಾವನೆ ಸರಿಯಲ್ಲ.

ಸ್ನಾಯುಗಳ ಬಲ ಇನ್ನೂ ನಿಧಾನವಾಗಿ ಇಳಿಯುತ್ತದೆ. ಮೊದಲ ಮೂರು ನಾಲ್ಕು ವಾರದಲ್ಲಿ ಬಲದಲ್ಲಿ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ವಯಸ್ಸಾದವರಲ್ಲಿ ಮಾತ್ರ, ಅದರಲ್ಲಿಯೂ ಹಾಸಿಗೆ ಹಿಡಿದವರಲ್ಲಿ, ಈ ನಷ್ಟ ವೇಗವಾಗಿ ಆಗುತ್ತದೆ.

ಬೇಗ ಕರಗಿಹೋಗುವ ಲಾಭ ಒಂದಿದೆ. ಅದು ಸಕ್ಕರೆ ಕಾಯಿಲೆ ಇರುವವರಿಗೆ ಸಂಬಂಧಿಸಿದ್ದು. ಒಂದು ದಿನದ ವ್ಯಾಯಾಮದಿಂದ ಇನ್ಸುಲಿನ್ನಿನ ಕೆಲಸ ಸುಲಭವಾಗುತ್ತದೆ. ಆ ಪರಿಣಾಮ ಉಳಿಯುವುದು ಒಂದರಿಂದ ಮೂರು ದಿನ ಮಾತ್ರ. ಹಾಗಾಗಿ ಅಮೆರಿಕದ ಮಧುಮೇಹ ಸಂಘವು ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ವ್ಯಾಯಾಮ ಬಿಡಬಾರದೆಂದು ಸಲಹೆ ನೀಡುತ್ತದೆ. ‘ಮಾತ್ರೆ ತಪ್ಪಿಸಿಲ್ಲ, ಸಿಹಿ ತಿಂದಿಲ್ಲ, ಆದರೂ ಸಕ್ಕರೆ ಏರಿದೆ’ ಎನ್ನುವವರು ಹಿಂದಿನ ವಾರ ಎಷ್ಟು ದಿನ ನಡೆದಿದ್ದೆವು ಎಂದು ಒಮ್ಮೆ ಎಣಿಸಿ ನೋಡಬೇಕು.

ಕಳೆದದ್ದು ಮರಳಿ ಬರುತ್ತದೆ

1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಒಂದು ಪ್ರಯೋಗ ನಡೆಯಿತು. ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲಿಯೇ ಮಲಗಿಸಲಾಯಿತು. ಅವರ ದೈಹಿಕ ಸಾಮರ್ಥ್ಯ ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಆ ಬಳಿಕ ಎಂಟು ವಾರ ಕ್ರಮಬದ್ಧ ತರಬೇತಿ ಕೊಟ್ಟಾಗ ಕಳೆದುಕೊಂಡದ್ದೆಲ್ಲ ಮರಳಿ ಬಂತು.

ಕತೆ ಅಲ್ಲಿಗೆ ಮುಗಿಯಲಿಲ್ಲ. ಮೂವತ್ತು ವರ್ಷಗಳ ನಂತರ, 1996ರಲ್ಲಿ, ಅದೇ ಐವರನ್ನು ಮತ್ತೆ ಕರೆಸಲಾಯಿತು. ಈಗ ಅವರು ಐವತ್ತು ದಾಟಿದ್ದರು, ಮೈಯಲ್ಲಿ ಕೊಬ್ಬು ಸೇರಿತ್ತು. ಪರೀಕ್ಷಿಸಿದಾಗ ವೈದ್ಯರಿಗೆ ಕಂಡದ್ದು ಇದು: ಮೂವತ್ತು ವರ್ಷ ವಯಸ್ಸಾಗಿದ್ದರಿಂದ ಆದ ನಷ್ಟಕ್ಕಿಂತ ಅಂದು ಮೂರು ವಾರ ಮಲಗಿದ್ದರಿಂದ ಆದ ನಷ್ಟವೇ ಹೆಚ್ಚು! ಬಳಿಕ ಆರು ತಿಂಗಳ ಕಾಲ ನಡಿಗೆ, ಮೆಲು ಓಟ, ಸೈಕಲ್ ತುಳಿತ ಇವುಗಳನ್ನು ಹಂತಹಂತವಾಗಿ ಹೆಚ್ಚಿಸಿಕೊಂಡು ಹೋಗಲಾಯಿತು. ಆಮ್ಲಜನಕ ಬಳಸುವ ಸಾಮರ್ಥ್ಯದಲ್ಲಿ ಮೂವತ್ತು ವರ್ಷದಲ್ಲಿ ಇಳಿದಿದ್ದಷ್ಟೂ ಮರಳಿ ಬಂತು. ಐದೇ ಜನರ ಮೇಲೆ ನಡೆದ ಅಧ್ಯಯನವಾದರೂ ವೈದ್ಯಲೋಕ ಇದನ್ನು ಇಂದಿಗೂ ನೆನೆಯುತ್ತದೆ. ‘ಈ ವಯಸ್ಸಿನಲ್ಲಿ ಇನ್ನೇನು’ ಎನ್ನುವವರಿಗೆ ಇದಕ್ಕಿಂತ ಧೈರ್ಯದ ಮಾತು ಬೇಕಿಲ್ಲ.

ಭಾರ ಎತ್ತುವವರಿಗೂ ಸಮಾಧಾನದ ಸುದ್ದಿ ಇದೆ. ಫಿನ್ಲೆಂಡಿನ ಯುವಾಸ್ಕ್ಯುಲಾ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ಗುಂಪು 20 ವಾರ ಎಡೆಬಿಡದೆ ಅಭ್ಯಾಸ ಮಾಡಿತು. ಇನ್ನೊಂದು ಗುಂಪು 10 ವಾರ ಅಭ್ಯಾಸ ಮಾಡಿ, 10 ವಾರ ಪೂರ್ತಿ ಬಿಟ್ಟು, ಮತ್ತೆ 10 ವಾರ ಮಾಡಿತು. ಬಿಟ್ಟವರು ಮರಳಿ ಆರಂಭಿಸಿದ ಐದು ವಾರಗಳಲ್ಲಿಯೇ ಹಳೆಯ ಮಟ್ಟ ತಲುಪಿದರು. ಕೊನೆಯಲ್ಲಿ ಎರಡೂ ಗುಂಪುಗಳ ಫಲ ಹೆಚ್ಚುಕಡಿಮೆ ಒಂದೇ ಆಗಿತ್ತು. ಒಮ್ಮೆ ಕಲಿತ ಸೈಕಲ್ ಮರೆಯದ ಹಾಗೆ, ಒಮ್ಮೆ ಬಲಗೊಂಡ ಸ್ನಾಯು ಎರಡನೆಯ ಸಲ ಬೇಗ ಬಲಗೊಳ್ಳುತ್ತದೆ.

ಬಾಕಿ ತೀರಿಸಲು ಹೊರಟರೆ?

ಒಂದು ತಿಂಗಳು ಮನೆಯಿಂದ ಹೊರಗೆ ಕಾಲಿಡದವರು ಭಾನುವಾರ ಬೆಳಿಗ್ಗೆ ಎದ್ದು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಲು ಹೊರಡುತ್ತಾರೆ. ಗರಡಿ ಬಿಟ್ಟು ವರ್ಷವಾದ ಯುವಕ ಗೆಳೆಯರೆದುರು ಇನ್ನೂರು ಬಸ್ಕಿ ಹೊಡೆಯುತ್ತಾನೆ. ಮನಸ್ಸಿಗೆ ಹಳೆಯ ಲೆಕ್ಕ ನೆನಪಿರುತ್ತದೆ, ದೇಹಕ್ಕೆ ಇರುವುದಿಲ್ಲ.

ಇದರಿಂದ ಮೈಕೈ ನೋವಂತೂ ಖಂಡಿತ. ಈ ನೋವು ಅಂದೇ ಕಾಣಿಸುವುದಿಲ್ಲ. ಎರಡನೆಯ, ಮೂರನೆಯ ದಿನ ಹೆಚ್ಚಾಗಿ, ಆಮೇಲೆ ತಾನಾಗಿ ಇಳಿಯುತ್ತದೆ. ಆದರೆ ಮಿತಿಮೀರಿ ಮಾಡಿದಾಗ ಸ್ನಾಯುವಿನ ಎಳೆಗಳೇ ಒಡೆದು, ಅವುಗಳೊಳಗಿನ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸಬಹುದು. ವಿಪರೀತ ನೋವು, ಊತ, ಕಪ್ಪು ಚಹಾದಂಥ ಬಣ್ಣದ ಮೂತ್ರ ಇದರ ಗುರುತು. ಹೀಗಾದರೆ ಮನೆಮದ್ದು ಮಾಡುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಹೃದಯದ ವಿಷಯ ಇನ್ನೂ ಗಂಭೀರ. 1993ರಲ್ಲಿ ಅಮೆರಿಕದ ಮರ್ರೆ ಮಿಟಲ್‌ಮನ್ ಮತ್ತು ಸಂಗಡಿಗರು ಹೃದಯಾಘಾತಕ್ಕೊಳಗಾದ 1,228 ರೋಗಿಗಳನ್ನು ಪ್ರಶ್ನಿಸಿ ಅಧ್ಯಯನ ನಡೆಸಿದರು. ಭಾರಿ ಶ್ರಮದ ನಂತರದ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವ ಎಷ್ಟು ಹೆಚ್ಚುತ್ತದೆ ಎಂಬುದು ಪ್ರಶ್ನೆ. ವಾರಕ್ಕೆ ಐದು ಬಾರಿ ಅಥವಾ ಅದಕ್ಕಿಂತ ಹೆಚ್ಚು ಬಾರಿ ಶ್ರಮಪಡುವ ಅಭ್ಯಾಸವಿದ್ದವರಲ್ಲಿ ಅದು 2.4 ಪಟ್ಟು ಹೆಚ್ಚಿತ್ತು. ವಾರಕ್ಕೆ ಒಮ್ಮೆಯೂ ಶ್ರಮಪಡದವರಲ್ಲಿ 107 ಪಟ್ಟು! ಒಂದು ಗಂಟೆಯ ಲೆಕ್ಕದಲ್ಲಿ ಈ ಅಪಾಯ ಬಹಳ ಚಿಕ್ಕದು ಎಂಬುದೂ ನಿಜ. ಹೆದರಿ ವ್ಯಾಯಾಮವನ್ನೇ ಬಿಡಬೇಕಾಗಿಲ್ಲ. ಬದಲಾಗಿ ಇದು ಹೇಳುವುದೇನೆಂದರೆ, ಕ್ರಮವಾದ ವ್ಯಾಯಾಮ ಹೃದಯವನ್ನು ಕಾಯುತ್ತದೆ, ಅಭ್ಯಾಸವಿಲ್ಲದ ದಿಢೀರ್ ಶ್ರಮ ಅದನ್ನು ಅಪಾಯಕ್ಕೆ ಒಡ್ಡುತ್ತದೆ.

ಎಷ್ಟು ದಿನ ಬಿಟ್ಟರೆ ಎಲ್ಲಿಂದ ಆರಂಭ?

ಅಮೆರಿಕದ ಕಾಲೇಜು ಕ್ರೀಡಾಪಟುಗಳಲ್ಲಿ ರಜೆ ಮುಗಿಸಿ ಬಂದ ಮೊದಲ ದಿನಗಳಲ್ಲೇ ಕೆಲವರು ಕುಸಿದುಬಿದ್ದು ಸಾವಿಗೀಡಾದ ಪ್ರಕರಣಗಳು ನಡೆದವು. ಇದನ್ನು ಗಮನದಲ್ಲಿಟ್ಟು ಅಲ್ಲಿನ ತರಬೇತುದಾರರ ಸಂಘಗಳು 2019ರಲ್ಲಿ ಒಂದು ಸರಳ ಸೂತ್ರ ಕೊಟ್ಟವು. ಮರಳಿ ಬಂದ ಮೊದಲ ವಾರ ಎಂದಿನ ಪ್ರಮಾಣದಲ್ಲಿ ಶೇಕಡಾ 50 ಕಡಿಮೆ ಮಾಡಿ, ಎರಡನೆಯ ವಾರ 30, ಮೂರನೆಯ ವಾರ 20, ನಾಲ್ಕನೆಯ ವಾರ 10 ಕಡಿಮೆ ಮಾಡಿ ಎಂಬುದೇ ಆ ಸೂತ್ರ. ಗಟ್ಟಿಮುಟ್ಟಾದ ಇಪ್ಪತ್ತರ ಹುಡುಗರಿಗೇ ಇಷ್ಟು ಎಚ್ಚರ ಬೇಕೆಂದರೆ ಐವತ್ತರ ನಮಗೆ ಬೇಡವೇ? ಈ ಸೂತ್ರವನ್ನೇ ಆಧಾರವಾಗಿಟ್ಟುಕೊಂಡು ಮನೆಯವರೆಲ್ಲ ಅನುಸರಿಸಬಹುದಾದ ಲೆಕ್ಕ ಇಲ್ಲಿದೆ. ದಿನಕ್ಕೆ 40 ನಿಮಿಷ ನಡೆಯುತ್ತಿದ್ದವರನ್ನು ಉದಾಹರಣೆಗೆ ತೆಗೆದುಕೊಳ್ಳೋಣ.

1. ಒಂದರಿಂದ ಮೂರು ದಿನ ತಪ್ಪಿದ್ದರೆ: ಏನನ್ನೂ ಬದಲಿಸಬೇಕಾಗಿಲ್ಲ. ಎಂದಿನಂತೆ 40 ನಿಮಿಷ ನಡೆಯಿರಿ. ತಪ್ಪಿದ್ದಕ್ಕೆ ಸೇರಿಸಿ 80 ನಿಮಿಷ ನಡೆಯಬೇಡಿ.

2. ನಾಲ್ಕು ದಿನದಿಂದ ಎರಡು ವಾರ ತಪ್ಪಿದ್ದರೆ: ಮೊದಲ ಎರಡು ಮೂರು ದಿನ ಮುಕ್ಕಾಲು ಪಾಲು, ಅಂದರೆ 30 ನಿಮಿಷ. ಮೈ ಒಗ್ಗಿದ ಮೇಲೆ 40ಕ್ಕೆ ಬನ್ನಿ.

3. ಎರಡು ವಾರದಿಂದ ಮೂರು ತಿಂಗಳು ತಪ್ಪಿದ್ದರೆ: ಮೊದಲ ವಾರ ಅರ್ಧ, ಅಂದರೆ 20 ನಿಮಿಷ. ಎರಡನೆಯ ವಾರ 28, ಮೂರನೆಯ ವಾರ 32, ನಾಲ್ಕನೆಯ ವಾರ 36. ಐದನೆಯ ವಾರ ಹಳೆಯ 40 ನಿಮಿಷ. ಹನ್ನೆರಡು ಸೂರ್ಯ ನಮಸ್ಕಾರ ಹಾಕುತ್ತಿದ್ದವರು 6, 8, 10, 11 ಹೀಗೆ ಏರಿಸಿಕೊಂಡು ಹೋಗಬಹುದು. ದಂಡ, ಬಸ್ಕಿ, ಭಾರ ಎತ್ತುವುದು ಎಲ್ಲಕ್ಕೂ ಇದೇ ಲೆಕ್ಕ.

4. ಮೂರು ತಿಂಗಳಿಗೂ ಹೆಚ್ಚು ತಪ್ಪಿದ್ದರೆ: ಹಳೆಯ ಲೆಕ್ಕವನ್ನು ಮರೆತುಬಿಡಿ. ಹೊಸಬರಂತೆ 10 ನಿಮಿಷದಿಂದ ಆರಂಭಿಸಿ, ವಾರಕ್ಕೆ 5 ನಿಮಿಷ ಸೇರಿಸುತ್ತ ಹೋಗಿ. ಏಳನೆಯ ವಾರಕ್ಕೆ 40 ನಿಮಿಷ ತಲುಪುತ್ತೀರಿ. ನಲವತ್ತೈದು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರು ಆರಂಭಿಸುವ ಮೊದಲು ವೈದ್ಯರನ್ನು ಕಾಣುವುದು ಒಳ್ಳೆಯದು.

ಮೊದಲು ಸಮಯವನ್ನು ಹೆಚ್ಚಿಸಿ, ವೇಗವನ್ನು ಆಮೇಲೆ ಹೆಚ್ಚಿಸಿ. ವೇಗ ಅಳೆಯಲು ಯಂತ್ರ ಬೇಕಾಗಿಲ್ಲ. ನಡೆಯುವಾಗ ಪಕ್ಕದವರೊಡನೆ ಮಾತನಾಡಲು ಆಗಬೇಕು, ಆದರೆ ಹಾಡಲು ಆಗಬಾರದು. ಅದು ಸರಿಯಾದ ವೇಗ. ಮರಳಿ ಬಂದ ಮೊದಲ ವಾರ ಮಾತ್ರ ಹಾಡು ಗುನುಗುವಷ್ಟು ನಿಧಾನವಾಗಿ ನಡೆದರೂ ತಪ್ಪಿಲ್ಲ.

ಜ್ವರ ಬಿಟ್ಟ ಮೇಲೆ

ಜ್ವರವಿರುವಾಗ ವ್ಯಾಯಾಮ ಬೇಡವೇ ಬೇಡ. ‘ಬೆವರಿದರೆ ಜ್ವರ ಬಿಡುತ್ತದೆ’ ಎಂದು ಓಡಲು ಹೋಗುವುದು ಅಪಾಯಕಾರಿ. ಕೆಲವು ವೈರಸ್ ಜ್ವರಗಳಲ್ಲಿ ಹೃದಯದ ಸ್ನಾಯುವಿಗೂ ಉರಿಯೂತ ತಗುಲುವುದುಂಟು. ಆಗ ಶ್ರಮಪಟ್ಟರೆ ಹೃದಯದ ಬಡಿತ ಹದತಪ್ಪಬಹುದು.

ಮಾತ್ರೆ ನುಂಗದೆ ಇಡೀ ಒಂದು ದಿನ ಜ್ವರ ಬಾರದಿದ್ದರೆ ಜ್ವರ ಬಿಟ್ಟಿತೆಂದು ತಿಳಿಯಬಹುದು. ಅನಂತರ ಒಂದೆರಡು ದಿನ ಮನೆಯೊಳಗೆ, ಅಂಗಳದಲ್ಲಿ ಓಡಾಡಿ ನೋಡಿ. ಮಹಡಿ ಮೆಟ್ಟಿಲು ಹತ್ತಿದಾಗ ಎಂದಿಗಿಂತ ಹೆಚ್ಚು ಏದುಸಿರು ಬರುವುದಿಲ್ಲ ಎಂದಾದ ಮೇಲೆ ಹಿಂದೆ ಹೇಳಿದ ಅರ್ಧದ ಲೆಕ್ಕದಿಂದ ಆರಂಭಿಸಿ. ಬರಿಯ ನೆಗಡಿ, ಸೀನು ಇದ್ದರೆ ನಿಧಾನ ನಡಿಗೆಗೆ ಅಡ್ಡಿಯಿಲ್ಲ.

ಡೆಂಗಿ ಬಂದವರಲ್ಲಿ ಜ್ವರ ಹೋದರೂ ಸುಸ್ತು ಹಲವು ವಾರ ಉಳಿಯಬಹುದು. ರಕ್ತದ ಪ್ಲೇಟ್‌ಲೆಟ್ ಸಂಖ್ಯೆ ಸರಿಯಾಗಿದೆಯೆಂದು ವೈದ್ಯರು ಹೇಳುವವರೆಗೆ ಮೈದಾನಕ್ಕೆ, ಜಿಮ್‌ಗೆ ಹೋಗಬೇಡಿ. ಚಿಕೂನ್‌ಗುನ್ಯಾ ಆದವರಿಗೆ ಕೀಲುನೋವು ತಿಂಗಳುಗಟ್ಟಲೆ ಕಾಡಬಹುದು. ಅಂಥವರು ಕುಳಿತಲ್ಲಿಯೇ ಮಣಿಕಟ್ಟು, ಮೊಣಕಾಲು, ಪಾದಗಳನ್ನು ಮೆಲ್ಲನೆ ಆಡಿಸುವುದರಿಂದ ಆರಂಭಿಸಿ, ಐದು ಹತ್ತು ನಿಮಿಷದ ನಡಿಗೆಗೆ ಬರಬಹುದು. ಕೀಲು ಊದಿಕೊಂಡು ಬಿಸಿಯಾಗಿದ್ದರೆ ಅಂದು ವಿಶ್ರಾಂತಿ ಕೊಡಿ.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರು ಗಮನಿಸಿ

ವ್ಯಾಯಾಮ ಬಿಟ್ಟಿದ್ದ ದಿನಗಳಲ್ಲಿ ಸಕ್ಕರೆ ಏರಿತೆಂದು ವೈದ್ಯರು ಮಾತ್ರೆಯನ್ನೋ ಇನ್ಸುಲಿನ್ನನ್ನೋ ಹೆಚ್ಚಿಸಿರಬಹುದು. ಈಗ ಮತ್ತೆ ನಡೆಯಲು ಆರಂಭಿಸಿದರೆ ಅದೇ ಪ್ರಮಾಣ ಹೆಚ್ಚಾಗಿ, ಸಕ್ಕರೆ ತೀರಾ ಇಳಿಯಬಹುದು. ಕೈನಡುಕ, ತಣ್ಣನೆ ಬೆವರು, ವಿಪರೀತ ಹಸಿವು, ಕಣ್ಣು ಮಂಜಾಗುವುದು ಇದರ ಲಕ್ಷಣ. ಆದ್ದರಿಂದ ಮರಳಿ ಆರಂಭಿಸಿದ ವಿಷಯವನ್ನು ವೈದ್ಯರಿಗೆ ತಿಳಿಸಿ. ನೀವಾಗಿಯೇ ಔಷಧ ಕಡಿಮೆ ಮಾಡಿಕೊಳ್ಳಬೇಡಿ. ನಡೆಯಲು ಹೋಗುವಾಗ ಜೇಬಿನಲ್ಲಿ ಸಕ್ಕರೆಯನ್ನೋ ಗ್ಲೂಕೋಸನ್ನೋ ಇಟ್ಟುಕೊಳ್ಳಿ. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ದೂರ ಹೋಗುವುದು ಸರಿಯಲ್ಲ.

ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಷೂ ಹಾಕಿಕೊಳ್ಳುವ ಮೊದಲು ಕೊಡವಿ, ಒಳಗೆ ಕೈಯಾಡಿಸಿ ನೋಡಿ. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಒಳಗೆ ಬಿದ್ದ ಸಣ್ಣ ಕಲ್ಲೂ ಗೊತ್ತಾಗುವುದಿಲ್ಲ. ಅದೇ ಮುಂದೆ ಹುಣ್ಣಾಗುತ್ತದೆ. ಮನೆಗೆ ಬಂದ ಮೇಲೆ ಪಾದ ತೊಳೆದು, ಬೊಬ್ಬೆ ಎದ್ದಿದೆಯೇ ಎಂದು ಪ್ರತಿದಿನ ಪರೀಕ್ಷಿಸಿಕೊಳ್ಳಿ.

ರಕ್ತದೊತ್ತಡ 180/110ಕ್ಕಿಂತ ಮೇಲಿದ್ದರೆ ಅದು ಹತೋಟಿಗೆ ಬರುವವರೆಗೆ ವ್ಯಾಯಾಮವನ್ನು ಮುಂದೂಡಿ, ವೈದ್ಯರನ್ನು ಕಾಣಿ. ರಕ್ತದೊತ್ತಡದ ಕೆಲವು ಮಾತ್ರೆಗಳು ನಾಡಿಬಡಿತವನ್ನು ತಗ್ಗಿಸುತ್ತವೆ. ಅವನ್ನು ಸೇವಿಸುವವರು ನಾಡಿ ಎಣಿಸಿ ಶ್ರಮವನ್ನು ಅಳೆಯುವುದಕ್ಕಿಂತ ಮೇಲೆ ಹೇಳಿದ ಮಾತಿನ ಪರೀಕ್ಷೆಯನ್ನು ನಂಬುವುದು ಮೇಲು.

ಇಂದು ಸರಿಹೋಗಲಿಲ್ಲ ಎಂದರೆ?

ತಪ್ಪಿಸದೆ ಹೋದರೂ ಕೆಲವು ದಿನ ವ್ಯಾಯಾಮ ಸರಿಹೋಗುವುದಿಲ್ಲ. ನಿನ್ನೆ ಕೆರೆಯ ಸುತ್ತ ಎರಡು ಸುತ್ತು ಹಾಕಿದವರಿಗೆ ಇಂದು ಅರ್ಧ ಸುತ್ತಿಗೇ ಕಾಲು ಭಾರವಾಗುತ್ತದೆ. ರಾತ್ರಿ ನಿದ್ದೆಗೆಟ್ಟದ್ದು, ನೀರು ಸಾಲದ್ದು, ಸೆಖೆ, ಹಿಂದಿನ ದಿನದ ಮದುವೆಯೂಟ, ಮುಟ್ಟಿನ ದಿನಗಳು, ಒಳಗೊಳಗೇ ಆರಂಭವಾಗುತ್ತಿರುವ ನೆಗಡಿ ಹೀಗೆ ಕಾರಣ ಹಲವು. ಒಂದು ದಿನದ ಸೋಲಿಗೆ ಅರ್ಥ ಹುಡುಕಬೇಡಿ. ಅಂದು ಮಾಡಿದಷ್ಟೂ ಲೆಕ್ಕಕ್ಕೆ ಸೇರುತ್ತದೆ. ವೇಗ ತಗ್ಗಿಸಿ, ಸಾಧ್ಯವಾದಷ್ಟು ನಡೆದು ಮನೆಗೆ ಬನ್ನಿ.

ಆದರೆ ಸತತ ಎರಡು ವಾರ ಹೀಗೇ ಆದರೆ ಸೋಮಾರಿತನವೆಂದು ನಿಮ್ಮನ್ನೇ ಬೈದುಕೊಳ್ಳಬೇಡಿ, ರಕ್ತ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ‘ನನಗೆ ನಡೆಯಲು ಆಗುವುದಿಲ್ಲ’ ಎನ್ನುವ ಎಷ್ಟೋ ಗೃಹಿಣಿಯರಿಗೆ ಕಡಿಮೆಯಾಗಿರುವುದು ಉತ್ಸಾಹವಲ್ಲ, ಕಬ್ಬಿಣದ ಅಂಶ. ಥೈರಾಯ್ಡ್ ಗ್ರಂಥಿ ಕುಂದಿದಾಗಲೂ ಹೀಗೆಯೇ ಸುಸ್ತು ಕಾಣಿಸುತ್ತದೆ. ಎರಡಕ್ಕೂ ಸುಲಭ ಚಿಕಿತ್ಸೆ ಇದೆ.

ಮನಸ್ಸು ಹೂಡುವ ತಕರಾರು

ಒಂದು ದಿನ ತಪ್ಪಿದರೆ ಮನಸ್ಸು ‘ವ್ರತ ಕೆಟ್ಟಿತು’ ಎನ್ನುತ್ತದೆ. ಹೇಗೂ ಕೆಟ್ಟ ವ್ರತಕ್ಕೆ ಇನ್ನೊಂದು ದಿನ ಸೇರಿದರೇನು ಎಂದು ಎರಡನೆಯ ದಿನವೂ ಹೋಗುತ್ತದೆ. ವ್ಯಾಯಾಮ ವ್ರತವಲ್ಲ, ಊಟದ ಹಾಗೆ. ಒಂದು ಹೊತ್ತು ಊಟ ತಪ್ಪಿತೆಂದು ಯಾರೂ ಊಟವನ್ನೇ ಬಿಡುವುದಿಲ್ಲ. ಮರುದಿನ ಎರಡು ದಿನದ ಊಟ ಒಟ್ಟಿಗೆ ಉಣ್ಣುವುದೂ ಇಲ್ಲ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಮಂದಿಯನ್ನು ಅಧ್ಯಯನ ಮಾಡಿ, ಹೊಸ ಅಭ್ಯಾಸವೊಂದು ಮೈಗೂಡಲು ಎಷ್ಟು ದಿನ ಬೇಕೆಂದು ನೋಡಿದರು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕೆಂಬ ಅಂದಾಜು ಬಂತು. ನಡುವಿನ ಲೆಕ್ಕ 66 ದಿನ. ಇಪ್ಪತ್ತೊಂದು ದಿನದಲ್ಲಿ ಅಭ್ಯಾಸವಾಗುತ್ತದೆಂಬ ಮಾತನ್ನು ನಂಬಿ, ಆಗದಿದ್ದಾಗ ನಿರಾಶರಾಗಬೇಡಿ. ಈ ಅಧ್ಯಯನದಲ್ಲಿ ಕಂಡ ಇನ್ನೊಂದು ಸಂಗತಿ ನಮಗೆ ಮುಖ್ಯ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂಡಿಬರಲು ಹೇಳುವಂಥ ತೊಡಕೇನೂ ಆಗಲಿಲ್ಲ.

ಆದ್ದರಿಂದ ಮನೆಯವರೆಲ್ಲ ಒಂದು ಕಟ್ಟಳೆ ಹಾಕಿಕೊಳ್ಳಬಹುದು. ಒಂದು ದಿನ ತಪ್ಪಿದರೆ ತಪ್ಪಲಿ; ಸತತವಾಗಿ ಮೂರನೆಯ ದಿನ ಮಾತ್ರ ತಪ್ಪಬಾರದು. ಆ ದಿನ ನಲವತ್ತು ನಿಮಿಷಕ್ಕೆ ಬಿಡುವಿಲ್ಲದಿದ್ದರೆ ಹತ್ತು ನಿಮಿಷವಾದರೂ ನಡೆಯಿರಿ. ಮಳೆಯಿದ್ದರೆ ಹಜಾರದಲ್ಲಿ, ಜಗಲಿಯಲ್ಲಿ ನಡೆಯಿರಿ. ಮದುವೆ ಮನೆಯಲ್ಲಿದ್ದರೆ ಛತ್ರದ ಸುತ್ತ ನಾಲ್ಕು ಸುತ್ತು ಹಾಕಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ ಬೇಕೆಂದು ಹೇಳಿದೆ. ಒಂದೊಂದು ಸಲವೂ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂಬ ಹಳೆಯ ನಿಯಮವನ್ನು ಅದು ಕೈಬಿಟ್ಟಿದೆ. ಹನಿ ಹನಿ ಕೂಡಿದರೆ ಹಳ್ಳ ಎನ್ನುವ ನಮ್ಮ ಗಾದೆ ಇಲ್ಲಿ ಅಕ್ಷರಶಃ ನಿಜ.

ಕೆಲಸದ ಒತ್ತಡ ತಿಂಗಳುಗಟ್ಟಲೆ ಇರುತ್ತದೆಂದು ಮೊದಲೇ ಗೊತ್ತಿದ್ದರೆ ಪೂರ್ತಿ ಬಿಡುವ ಬದಲು ಕಡಿಮೆ ಮಾಡಿಕೊಳ್ಳಿ. ಅಮೆರಿಕದ ರಾಬರ್ಟ್ ಹಿಕ್ಸನ್ 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಆರು ದಿನ ತರಬೇತಿ ಪಡೆದಿದ್ದವರು ಅದನ್ನು ಎರಡು ದಿನಕ್ಕೆ ಇಳಿಸಿದರೂ ಆ ಎರಡು ದಿನದ ತೀವ್ರತೆಯನ್ನು ಬಿಡದಿದ್ದುದರಿಂದ 15 ವಾರ ತಮ್ಮ ಸಾಮರ್ಥ್ಯ ಉಳಿಸಿಕೊಂಡರು. ಗಳಿಸಲು ಬೇಕಾದಷ್ಟು ಶ್ರಮ ಉಳಿಸಿಕೊಳ್ಳಲು ಬೇಕಾಗುವುದಿಲ್ಲ.

ಮನೆಯವರಿಗೆ ಒಂದು ಮಾತು

ಮನೆಯಲ್ಲಿ ಯಾವುದೇ ಅಡಚಣೆ ಬಂದರೂ ಮೊದಲು ನಿಲ್ಲುವುದು ಅಮ್ಮನ ನಡಿಗೆ. ನೆಂಟರು ಬಂದರೆ, ಮಗುವಿಗೆ ಜ್ವರ ಬಂದರೆ, ಕೆಲಸದವರು ಬಾರದಿದ್ದರೆ ಅವರ ಬೆಳಗಿನ ಅರ್ಧ ಗಂಟೆ ಹೋಗುತ್ತದೆ. ‘ಮನೆಕೆಲಸವೇ ವ್ಯಾಯಾಮವಲ್ಲವೇ’ ಎನ್ನುವವರಿದ್ದಾರೆ. ಮನೆಗೆಲಸದಲ್ಲಿಯೂ ಶ್ರಮವಿದೆ, ನಿಜ. ಆದರೆ ಒಲೆಯ ಮುಂದೆ ನಿಂತೇ ಇರುವುದು ಕಾಲುನೋವು ತರುತ್ತದೆಯೇ ಹೊರತು ಹೃದಯಕ್ಕೆ ಬೇಕಾದ ಬಿರುಸಿನ ಓಡಾಟವನ್ನು ಕೊಡುವುದಿಲ್ಲ. ವಾರದಲ್ಲಿ ಮೂರು ದಿನ ಬೆಳಗಿನ ಕಾಫಿ ತಿಂಡಿಯ ಹೊಣೆಯನ್ನು ಬೇರೆಯವರು ಹೊತ್ತರೆ ಅಮ್ಮನ ನಡಿಗೆ ಮರಳಿ ಬರುತ್ತದೆ. ಸಕ್ಕರೆ ಕಾಯಿಲೆ ಇರುವ ತಾಯಿಗೆ ಇದು ಔಷಧದಷ್ಟೇ ಅಗತ್ಯ.

ಇನ್ನೊಂದು ಮಾತು. ಬಿಟ್ಟು ಮತ್ತೆ ಆರಂಭಿಸಿದವರನ್ನು ‘ಎಷ್ಟು ದಿನದ ಶೋಕಿ ಇದು’ ಎಂದು ಹಾಸ್ಯ ಮಾಡಬೇಡಿ. ಆರಂಭಶೂರರೆಂಬ ಬಿರುದು ಕೊಡಬೇಡಿ. ಹತ್ತನೆಯ ಬಾರಿ ಆರಂಭಿಸುವವರಿಗೂ ಮೊದಲ ಬಾರಿಯಷ್ಟೇ ಪ್ರೋತ್ಸಾಹ ಬೇಕು. ಸಾಧ್ಯವಾದರೆ ಮೊದಲ ವಾರ ಜೊತೆಯಲ್ಲಿ ನಡೆಯಿರಿ.

ಈ ಲಕ್ಷಣ ಕಂಡರೆ ನಿಲ್ಲಿಸಿ

ಮರಳಿ ಆರಂಭಿಸಿದ ದಿನಗಳಲ್ಲಿ ಕೆಳಗಿನ ಯಾವುದೇ ಲಕ್ಷಣ ಕಂಡರೂ ತಕ್ಷಣ ನಿಲ್ಲಿಸಿ, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

• ಎದೆಯ ನಡುವೆ ಹಿಂಡಿದಂತೆ, ಒತ್ತಿದಂತೆ ಆಗುವುದು. ನೋವು ಎಡತೋಳು, ದವಡೆ, ಬೆನ್ನಿಗೆ ಹರಡುವುದು
• ಸ್ವಲ್ಪ ನಡೆದರೂ ಹಿಂದೆಂದೂ ಇಲ್ಲದಷ್ಟು ಏದುಸಿರು
• ತಲೆಸುತ್ತು, ಕಣ್ಣು ಕತ್ತಲೆ, ಪ್ರಜ್ಞೆ ತಪ್ಪುವುದು
• ಎದೆಬಡಿತ ಲಯತಪ್ಪಿದಂತೆ ಅನಿಸುವುದು
• ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಮುಖ್ಯವಾಗಿ ಬಹಳ ದಿನ ಮಲಗಿ ಎದ್ದವರಲ್ಲಿ

ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯಾಘಾತವಾದರೂ ಎದೆನೋವು ಕಾಣಿಸದೆ ಇರಬಹುದು. ಕಾರಣವಿಲ್ಲದ ಬೆವರು, ಸುಸ್ತು, ವಾಕರಿಕೆ ಕಂಡರೂ ‘ಗ್ಯಾಸ್ ಇರಬೇಕು’ ಎಂದು ಸುಮ್ಮನಾಗಬೇಡಿ.

ನಾಳೆ ಬೆಳಿಗ್ಗೆ

ನೀವು ವ್ಯಾಯಾಮ ಬಿಟ್ಟಿದ್ದರೆ ಗೋಡೆಯ ಕ್ಯಾಲೆಂಡರ್ ನೋಡಿ, ಕೊನೆಯ ಬಾರಿ ಮಾಡಿದ್ದು ಎಂದು ಎಂಬುದನ್ನು ಎಣಿಸಿ. ಮೇಲೆ ಕೊಟ್ಟ ನಾಲ್ಕು ಲೆಕ್ಕಗಳಲ್ಲಿ ನಿಮ್ಮದು ಯಾವುದೆಂದು ಗುರುತಿಸಿ, ಮೊದಲ ದಿನ ಎಷ್ಟು ನಿಮಿಷವೆಂದು ಕ್ಯಾಲೆಂಡರಿನ ಮೇಲೆಯೇ ಬರೆಯಿರಿ. ಮುಂದಿನ ಸೋಮವಾರಕ್ಕೆ, ಹಬ್ಬ ಮುಗಿಯುವುದಕ್ಕೆ, ಮಳೆ ನಿಲ್ಲುವುದಕ್ಕೆ ಕಾಯಬೇಡಿ. ನಾಳೆ ಬೆಳಿಗ್ಗೆ ಅಷ್ಟೇ ನಿಮಿಷ ನಡೆಯಿರಿ. ಇನ್ನೂ ನಡೆಯಬಲ್ಲೆ ಎನಿಸಿದರೂ ಅಲ್ಲಿಗೆ ನಿಲ್ಲಿಸಿ ಮನೆಗೆ ಬನ್ನಿ. ಉಳಿಸಿಕೊಂಡ ಆ ಶಕ್ತಿ ನಾಡಿದ್ದು ಬೆಳಿಗ್ಗೆ ನಿಮ್ಮನ್ನು ಮತ್ತೆ ಹೊರಗೆ ಕರೆದೊಯ್ಯುತ್ತದೆ.